ಬಿಸಿಲ್ಗುದುರೆಯೂ ಪಾಲಿಬೆಟ್ಟದ ನೆರಳೂ

ಕೈಗೂಡದ ಆಸೆಯನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಗಾಳಿಗೋಪುರ, ಕನ್ನಡಿಯೊಳಗಿನ ಗಂಟು, ಬಿಸಿಲ್ಗುದುರೆ. ಇವು ಮೂರೂ ಒಂದೇ ಅಲ್ಲ. ಗಾಳಿಗೋಪುರಕ್ಕೆ ಕಟ್ಟಿದವನೇ ಹೊಣೆ. ಕನ್ನಡಿಯೊಳಗಿನ ಗಂಟು ಎಲ್ಲೋ ನಿಜವಾಗಿ ಇದೆ, ಕೈಗೆ ಮಾತ್ರ ಎಟುಕದು. ಸಂಸ್ಕೃತದ ಮೃಗತೃಷ್ಣೆ ಬಾಯಾರಿದ ಜಿಂಕೆಯ ಕಡೆ ಬೆರಳು ತೋರಿಸುತ್ತದೆ. ಬಿಸಿಲು, ಕುದುರೆ ಸೇರಿ ಆದ ನಮ್ಮ ಪದ ನೋಡುವವರನ್ನು ಬಿಟ್ಟು ಓಡುವ ಬಿಸಿಲನ್ನೇ ಹೆಸರಿಸುತ್ತದೆ.

ಕೊಡಗಿನ ತೋಟಗಳ ಚರಿತ್ರೆ ಓದುವ ನನಗೆ ಈ ವ್ಯತ್ಯಾಸ ಮುಖ್ಯವೆನಿಸುತ್ತದೆ. ಪಾಲಿಬೆಟ್ಟದ ಸುತ್ತ ಬಿಸಿಲ್ಗುದುರೆ ಕಾಣಲು ಬೇಕಾದ ಬಯಲು ಕಡಿಮೆ. ಎಲ್ಲೆಡೆ ಮರ, ಮರದಡಿ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು. ಆದರೆ ಕೊಡಗಿನ ತೋಟಗಳಲ್ಲಿ ಈ ನೆರಳು ಮೊದಲಿನಿಂದಲೂ ಇದ್ದುದಲ್ಲ.

1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ. ಅವನ ಬೆನ್ನಿಗೆ ಹಲವರು ಬಂದರು. ಸಿಲೋನಿನ ರೂಢಿಯಂತೆ ಕಾಡು ಕಡಿದು, ಸುಟ್ಟು, ತೆರೆದ ಬಿಸಿಲಿನಲ್ಲೇ ಗಿಡ ನೆಟ್ಟವರು ಅನೇಕರು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ ಬಂತು. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು ಈ ದುಂಬಿಗೆ ಇಷ್ಟ. ಮರಿಹುಳು ಒಳಗೊಳಗೇ ಕೊರೆದು ಗಿಡವನ್ನು ಒಣಗಿಸುತ್ತದೆ. ತೋಟಗಳು ಹಾಳಾದವು. ನೆರಳಿನ ಬೆಲೆ ತಿಳಿದದ್ದು ಆ ನಷ್ಟದಿಂದ.

ಹಾಗಾದರೆ ಆ ತೋಟದ ದೊರೆಗಳು ಬಿಸಿಲ್ಗುದುರೆಯ ಹಿಂದೆ ಓಡಿದರೇ? ಹಾಕಿದ ಹೊತ್ತಿಗೆ ಅವರದು ಲೆಕ್ಕಾಚಾರದ ಆಸೆ. ಸರ್ಕಾರ ಜಮೀನು ಕೊಡುತ್ತಿತ್ತು, ಕಾಫಿಗೆ ಮಾರುಕಟ್ಟೆಯಿತ್ತು. ಅದು ಹುಸಿಯೆಂದು ಗೊತ್ತಾದದ್ದು ಗಿಡ ಸತ್ತ ಮೇಲೆ. ಚರಿತ್ರೆ ಬರೆಯುವವರಿಗೆ ಕೊನೆ ಗೊತ್ತಿರುತ್ತದೆ, ಗಿಡ ನೆಟ್ಟವರಿಗೆ ಗೊತ್ತಿರಲಿಲ್ಲ.

ಇದಕ್ಕೆ ತಿರುಗುಮುರುಗಾದದ್ದೂ ಇದೇ ಸೀಮೆಯಲ್ಲಿ ನಡೆದಿದೆ. ಪಾಲಿಬೆಟ್ಟಕ್ಕೆ ದೂರವಲ್ಲದ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡವು. ಅವರಲ್ಲಿ ಅನೇಕರು ತೋಟಗಳ ಲೈನ್‌ಮನೆಗಳಿಂದ ಬಂದವರು. ಕೆಲಸ ಬಿಟ್ಟರೆ ಲೈನ್‌ಮನೆಯೂ ಹೋಗುತ್ತದೆ. ಸ್ವಂತದ್ದೊಂದು ತುಂಡು ನೆಲ ಬೇಕೆಂಬುದು ಅವರ ಆಸೆ. 2016ರ ಡಿಸೆಂಬರ್‌ನಲ್ಲಿ ಅದು ಅರಣ್ಯಭೂಮಿಯೆಂದು ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ಅಂದು ಆ ಆಸೆಯನ್ನು ಬಿಸಿಲ್ಗುದುರೆ ಎಂದುಬಿಡುವುದು ಸುಲಭವಿತ್ತು. ಜನ ಅಲ್ಲಿಂದ ಕದಲಲಿಲ್ಲ. ಹೋರಾಟದ ಬಳಿಕ ಹಲವು ಕುಟುಂಬಗಳಿಗೆ ಕುಶಾಲನಗರದ ಬಳಿಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳಾದವು. ಕೇಳಿದ ಜಾಗವೇ ಸಿಗಲಿಲ್ಲ, ಆದರೂ ತಲೆಯ ಮೇಲೊಂದು ಸೂರು ಬಂತು.

ಆಸೆ ದೊಡ್ಡದೋ ಚಿಕ್ಕದೋ ಎಂಬುದರಿಂದ ಅದು ಬಿಸಿಲ್ಗುದುರೆಯಾಗುವುದಿಲ್ಲ. ನೂರಾರು ಎಕರೆಯ ಆಸೆಗೆ ಸಾಹಸವೆಂದು ಹೆಸರಿಟ್ಟು, ಮೂರು ಸೆಂಟಿನ ಆಸೆಗೆ ಭ್ರಮೆಯೆನ್ನುವುದು ನಮ್ಮ ರೂಢಿ. ಬಯಲಿನ ಬಿಸಿಲ್ಗುದುರೆ ತಾನಾಗಿ ದೂರ ಸರಿಯುತ್ತದೆ. ನೆಲ, ಮನೆ ಹಾಗೆ ಸರಿಯುವುದಿಲ್ಲ. ಅವನ್ನು ಯಾರೋ ಸರಿಸಿರುತ್ತಾರೆ. ಇನ್ನೊಬ್ಬರ ಆಸೆಗೆ ಈ ಪದ ಬಳಸುವ ಮುನ್ನ, ಸರಿಸಿದವರು ಯಾರೆಂದು ಕೇಳಬೇಕು.