ಶಿಬಿರಾಗ್ನಿಯ ಕಟ್ಟುಪಾಡುಗಳು: ಒಂದು ಕಿರು ಚರಿತ್ರೆ

ಬೇಸಗೆಯ ರಜೆಯಲ್ಲಿ ಗುಡಾರ ಹೂಡಿ ಕಾಡಿನಂಚಿನಲ್ಲಿ ಎರಡು ರಾತ್ರಿ ಕಳೆಯುವುದು ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈಗ ಪ್ರಿಯವಾದ ರೂಢಿ. ಬೆಂಕಿಯ ಸುತ್ತ ಅಂತ್ಯಾಕ್ಷರಿ ರಂಗೇರುವ ಹೊತ್ತಿಗೆ ಪಕ್ಕದವರು ಬಂದು 'ಹತ್ತು ಗಂಟೆಯಾಯಿತು' ಎಂದರೆ ನಮ್ಮಲ್ಲಿ ಅನೇಕರಿಗೆ ಅದು ಅನಾದರವೆಂದೇ ತೋರುತ್ತದೆ. ಈ ನಿಯಮಗಳು ಹುಟ್ಟಿದ ಬಗೆಯನ್ನು ಅರಿತರೆ ಆ ಭಾವನೆ ತುಸು ತಿಳಿಯಾದೀತು.

1869ರಲ್ಲಿ ವಿಲಿಯಂ ಮರ್ರಿ ಎಂಬ ಪಾದ್ರಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಅರಣ್ಯವನ್ನು ಕುರಿತು ಬರೆದ ಪುಸ್ತಕವನ್ನು ಓದಿ ನಗರವಾಸಿಗಳು ಗುಂಪುಗುಂಪಾಗಿ ಕಾಡಿಗೆ ಹೊರಟರು. ಅಂದು ಬೆಂಕಿಯೇ ಒಲೆ, ಬೆಂಕಿಯೇ ದೀಪ, ಚಳಿಗೂ ಅದೇ ಆಸರೆ. ಕಾರುಗಳು ಬಂದ ಮೇಲೆ ಜನ ಕಂಡಕಂಡಲ್ಲಿ ನಿಲ್ಲಿಸಿ ಒಲೆ ಹೂಡತೊಡಗಿದರು. ಚಕ್ರ ಮತ್ತು ಕಾಲ್ತುಳಿತಕ್ಕೆ ನೆಲ ಗಟ್ಟಿಯಾಗಿ ಮರಗಳ ಬೇರುಗಳು ಸೊರಗಿದವು. ಇದನ್ನು ಪರಿಶೀಲಿಸಿದ ಸಸ್ಯರೋಗ ತಜ್ಞ ಇ. ಪಿ. ಮೈನೆಕೆ 1932ರಲ್ಲಿ ಪರಿಹಾರವೊಂದನ್ನು ಮುಂದಿಟ್ಟರು: ಏಕಮುಖ ರಸ್ತೆ, ಪ್ರತಿ ಕುಟುಂಬಕ್ಕೂ ಗೊತ್ತಾದ ನಿಲುಗಡೆ, ಮೇಜು, ಕದಲದ ಒಲೆ. 1933ರಿಂದ 1942ರವರೆಗೆ ಸರ್ಕಾರದ ನಿರುದ್ಯೋಗ ಪರಿಹಾರ ಯೋಜನೆಯ ಯುವಕರು ದೇಶದಾದ್ಯಂತ ಶಿಬಿರತಾಣಗಳನ್ನು ಕಟ್ಟಿದರು. ಇಂದು ನಾವು ಕಾಯ್ದಿರಿಸುವ ನಿವೇಶನಗಳು ಬಹುಮಟ್ಟಿಗೆ ಆ ವಿನ್ಯಾಸದ ಸಂತತಿಯೇ.

ಮರಗಳನ್ನು ಉಳಿಸಿದ ಈ ವ್ಯವಸ್ಥೆ ಅಪರಿಚಿತರನ್ನು ಒತ್ತೊತ್ತಾಗಿ ನೆರೆಯವರನ್ನಾಗಿಯೂ ಮಾಡಿತು. ಮುಂದೆ ಮನೆಯಂಥ ಆರ್‌ವಿ ವಾಹನಗಳು ಬಂದವು. ವಿನ್ನೆಬೇಗೊ ಸಂಸ್ಥೆಯ ಮೋಟಾರು ಮನೆಗಳು ತಯಾರಾಗತೊಡಗಿದ್ದು 1966ರಲ್ಲಿ. ಒಳಗೇ ಒಲೆ, ದೀಪ, ಹಾಸಿಗೆ ಉಳ್ಳವರಿಗೆ ಬೆಂಕಿ ಸಂಜೆಯ ವಿನೋದ. ಬಟ್ಟೆಯ ಗೋಡೆಯೊಳಗೆ ಮಲಗಿದವರಿಗೆ ಪಕ್ಕದ ಜನರೇಟರಿನ ಸದ್ದೂ ಹೊಗೆಯೂ ನೇರವಾಗಿ ತಟ್ಟುತ್ತವೆ. ಒಬ್ಬರು ಮೌನವನ್ನು ಅರಸಿ ಬಂದಿರುತ್ತಾರೆ, ಇನ್ನೊಬ್ಬರು ಬಳಗವನ್ನು. ಇಬ್ಬರ ಅಪೇಕ್ಷೆಯೂ ತಪ್ಪಲ್ಲ.

ಬೆಂಕಿಯ ವೈಭವಕ್ಕೆ ಯೊಸೆಮಿಟಿಯಲ್ಲಿ ಬಿದ್ದ ತೆರೆಯೂ ಇಲ್ಲಿ ಸ್ಮರಣೀಯ. ಗ್ಲೇಸಿಯರ್ ಪಾಯಿಂಟಿನ ಬಂಡೆಯಿಂದ ಕೆಂಡಗಳನ್ನು ಜಲಪಾತದಂತೆ ಸುರಿಸುವ 'ಫೈರ್‌ಫಾಲ್' ಪ್ರದರ್ಶನವನ್ನು 1968ರಲ್ಲಿ ನಿಲ್ಲಿಸಲಾಯಿತು. ನೋಡಲು ನೆರೆದವರ ತುಳಿತಕ್ಕೆ ಹುಲ್ಲುಗಾವಲು ಹಾಳಾಗುತ್ತಿತ್ತು. ಅದೇ ಕಣಿವೆಯಲ್ಲಿ ಈಗ ಹೊಗೆಯನ್ನು ತಗ್ಗಿಸಲು ಬೇಸಗೆಯ ತಿಂಗಳುಗಳಲ್ಲಿ ಸಂಜೆ 5ರಿಂದ ರಾತ್ರಿ 10ರವರೆಗೆ ಮಾತ್ರ ಬೆಂಕಿಗೆ ಅನುಮತಿ. ಮನೆಯಿಂದ ಸೌದೆ ತರಬಾರದೆಂಬ ನಿಯಮಕ್ಕೂ ಕಾರಣವುಂಟು: 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ, ಆ್ಯಶ್ ಮರಗಳನ್ನು ಕೊಲ್ಲುವ ದುಂಬಿ ಸೌದೆಯೊಡನೆ ದೂರದೂರಕ್ಕೆ ಪಯಣಿಸಿತು.

ನಮ್ಮದು ಬಳಗದ ಸಂಸ್ಕೃತಿ, ಅದನ್ನು ಬಿಡಬೇಕಿಲ್ಲ. ಹತ್ತು ಕುಟುಂಬಗಳು ಸೇರುವುದಾದರೆ ಗುಂಪಿಗೆಂದೇ ಮೀಸಲಾದ ನಿವೇಶನವನ್ನು ಕಾಯ್ದಿರಿಸೋಣ, ಹಾಡನ್ನು ಮುಸ್ಸಂಜೆಗೇ ಆರಂಭಿಸೋಣ. ಮಲಗುವ ಮುನ್ನ ಕೆಂಡಕ್ಕೆ ನೀರು ಸುರಿದು, ಕದಡಿ, ಬೂದಿ ತಣ್ಣಗಾಯಿತೇ ಎಂದು ನೋಡುವ ಕೆಲಸವನ್ನು ದೊಡ್ಡವರ ಜೊತೆ ನಿಂತು ಮಕ್ಕಳೂ ಕಲಿಯಲಿ. ಊರಿನಿಂದ ಬಂದ ಅಜ್ಜಿ ಪಕ್ಕದ ಗುಡಾರದವರಿಗೂ ಒಂದು ತಟ್ಟೆ ಚಿತ್ರಾನ್ನ ಕಳುಹಿಸಿದರೆ, ಹತ್ತು ಗಂಟೆಯ ಮಾತು ಎರಡೂ ಕಡೆ ಹಗುರಾಗುತ್ತದೆ.