ಕಿರಿಕ್ ಪಾರ್ಟಿ ಚಲನಚಿತ್ರದ ನಿರ್ಮಾಣ

ಕಿರಿಕ್ ಪಾರ್ಟಿ 2016ರ ಡಿಸೆಂಬರ್ 30ರಂದು ಬಿಡುಗಡೆಯಾದ, ಇಂಜಿನಿಯರಿಂಗ್ ವಿದ್ಯಾರ್ಥಿಗಳ ಜೀವನವನ್ನು ಆಧರಿಸಿದ ಕನ್ನಡ ಹಾಸ್ಯ ಚಲನಚಿತ್ರ. ರಿಷಬ್ ಶೆಟ್ಟಿ ಇದನ್ನು ನಿರ್ದೇಶಿಸಿದ್ದಾರೆ. ರಕ್ಷಿತ್ ಶೆಟ್ಟಿ ಮತ್ತು ಜಿ. ಎಸ್. ಗುಪ್ತ ಇದರ ನಿರ್ಮಾಪಕರು.

ಕಥೆ ಮತ್ತು ಬರವಣಿಗೆ

ಸ್ವತಃ ಇಂಜಿನಿಯರಿಂಗ್ ಪದವೀಧರರಾದ ರಕ್ಷಿತ್ ಶೆಟ್ಟಿ ತಮ್ಮ ಕಾಲೇಜು ದಿನಗಳ ಅನುಭವಗಳನ್ನೇ ಕಥೆಗೆ ಬಳಸಿಕೊಂಡರು. ಚಿತ್ರಕಥೆಯನ್ನು ಅವರೊಬ್ಬರೇ ಬರೆಯಲಿಲ್ಲ. 'ದಿ ಸೆವೆನ್ ಆಡ್ಸ್' ಎಂಬ ಬರಹಗಾರರ ತಂಡವು ಅದರಲ್ಲಿ ಪಾಲ್ಗೊಂಡಿತು. ಹಾಸ್ಟೆಲ್ ಹುಡುಗರ ಸಂಭಾಷಣೆಯಲ್ಲಿ ಕಾಣುವ ಸಹಜತೆಗೆ ಇದೂ ಒಂದು ಕಾರಣವೆನ್ನಬಹುದು.

ಚಿತ್ರೀಕರಣ

ಪ್ರಮುಖ ದೃಶ್ಯಗಳನ್ನು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಿಸಲಾಯಿತು. 1960ರಲ್ಲಿ ಸ್ಥಾಪನೆಯಾದ ಈ ಕಾಲೇಜಿನ ಆವರಣವು ಚಿತ್ರದಲ್ಲಿ ಒಂದು ಪಾತ್ರದಂತೆಯೇ ನೆನಪಿನಲ್ಲಿ ಉಳಿಯುತ್ತದೆ. ಛಾಯಾಗ್ರಾಹಕ ಕರ್ಮ್ ಚಾವ್ಲಾ, ಸಂಕಲನಕಾರ ಸಚಿನ್ ರವಿ ಮತ್ತು ಸಂಗೀತ ನಿರ್ದೇಶಕ ಬಿ. ಅಜನೀಶ್ ಲೋಕನಾಥ್ ಮೂವರೂ ಹಿಂದೆ ರಕ್ಷಿತ್ ನಿರ್ದೇಶನದ ಉಳಿದವರು ಕಂಡಂತೆ (2014) ಚಿತ್ರದಲ್ಲಿ ದುಡಿದವರು.

ಬಿಡುಗಡೆಯ ವೇಳೆಗೆ 33 ವರ್ಷದವರಾಗಿದ್ದ ರಕ್ಷಿತ್, ಮೊದಲ ವರ್ಷದ ವಿದ್ಯಾರ್ಥಿ ಕರ್ಣನಾಗಿ ಗಡ್ಡವಿಲ್ಲದೆಯೂ ನಂತರದ ಭಾಗದಲ್ಲಿ ಗಡ್ಡಧಾರಿಯಾಗಿಯೂ ಕಾಣಿಸಿಕೊಂಡಿದ್ದಾರೆ. ಗೆಳೆಯರ ಗುಂಪಿನ ಹಳದಿ ಬಣ್ಣದ ಕಾಂಟೆಸ್ಸಾ ಕಾರು ಚಿತ್ರದ ಗುರುತಾಯಿತು.

ನಾಯಕಿಯರಿಬ್ಬರೂ ಹೊಸಬರು. ಕೊಡಗಿನ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಸಾನ್ವಿಯ ಪಾತ್ರದಿಂದ ಚಿತ್ರರಂಗವನ್ನು ಪ್ರವೇಶಿಸಿದರು. ಆರ್ಯಾ ಪಾತ್ರದ ಸಂಯುಕ್ತಾ ಹೆಗಡೆ ಆಗಿನ್ನೂ ಹದಿಹರೆಯದವರು. ಈ ಪಾತ್ರಕ್ಕಾಗಿ ಅವರಿಗೆ ಅತ್ಯುತ್ತಮ ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. 2018ರ ತೆಲುಗು ರೀಮೇಕ್ ಕಿರ್ರಾಕ್ ಪಾರ್ಟಿಯಲ್ಲಿಯೂ ಅದೇ ಪಾತ್ರವನ್ನು ಅವರೇ ನಿರ್ವಹಿಸಿದರು.

ಹಾಡಿನ ವಿವಾದ

ಲಘು ಹಾಸ್ಯದ ಈ ಚಿತ್ರವನ್ನು ಬಹುಕಾಲ ಕಾಡಿದ್ದು 'ಹೇ ಹೂ ಆರ್ ಯು' ಹಾಡು. ವಿ. ರವಿಚಂದ್ರನ್ ಅವರ ಶಾಂತಿ ಕ್ರಾಂತಿ (1991) ಚಿತ್ರಕ್ಕಾಗಿ ಹಂಸಲೇಖ ಸಂಯೋಜಿಸಿದ್ದ ಹಾಡೊಂದರ ಸಂಗೀತವನ್ನು ಇದರಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಆರೋಪಿಸಿ ಲಹರಿ ಸಂಸ್ಥೆಯು ನ್ಯಾಯಾಲಯದ ಮೊರೆಹೋಯಿತು. ಕೃತಿಚೌರ್ಯದ ಆರೋಪವನ್ನು ಚಿತ್ರತಂಡ ಒಪ್ಪಲಿಲ್ಲ. ಹಳೆಯ ಚಿತ್ರಗೀತೆಯೊಂದರ ನೆನಪು ಮೂಡಿಸುವುದು ಎಲ್ಲಿಯವರೆಗೆ ಪ್ರೇರಣೆ, ಎಲ್ಲಿಂದ ನಕಲು ಎಂಬುದೇ ವಿವಾದದ ತಿರುಳು. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಸಂಯೋಜಕರ ಬಳಿ ಉಳಿಯದೆ ಧ್ವನಿಸುರುಳಿ ಸಂಸ್ಥೆಗೆ ಸೇರಿರುವುದರಿಂದ, ಇಂಥ ಸಂದರ್ಭಗಳಲ್ಲಿ ಸಂಯೋಜಕರಿಗಿಂತ ಸಂಸ್ಥೆಯೇ ದಾವೆ ಹೂಡುವುದು ವಾಡಿಕೆ. ಚಿತ್ರ ತೆರೆಕಂಡು ವರ್ಷಗಳಾದ ಮೇಲೂ ಪ್ರಕರಣ ನ್ಯಾಯಾಲಯದಲ್ಲಿ ಮುಂದುವರಿದಿತ್ತು.