ಯೆರವಡಾದ ಸೆರೆಯಿಂದ ಹಳ್ಳಿಯ ಹೆರಿಗೆಮನೆಗೆ: ಕಸ್ತೂರಬಾ ನಿಧಿ ಮತ್ತು ಕರ್ನಾಟಕದ ಗ್ರಾಮಾರೋಗ್ಯ

1

ಪುಣೆ ನಗರದ ಮುಳಾ-ಮುಠಾ ನದಿಯ ಆಚೆ ದಡದಲ್ಲಿರುವ ಯೆರವಡಾ, ಕನ್ನಡ ಓದುಗರಿಗೆ ಪರಿಚಿತವಾದುದು ಮುಖ್ಯವಾಗಿ ಅಲ್ಲಿಯ ಕಾರಾಗೃಹದ ಮೂಲಕ. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಈ ಭಾಗದ ಸತ್ಯಾಗ್ರಹಿಗಳಲ್ಲಿ ಅನೇಕರು ಯೆರವಡಾದ ಗೋಡೆಗಳನ್ನು ಕಂಡವರೇ. 1932ರ ಪುಣೆ ಒಪ್ಪಂದದಿಂದಾಗಿ ಆ ಸ್ಥಳಕ್ಕೆ ರಾಜಕೀಯ ಇತಿಹಾಸದಲ್ಲಿ ಸ್ಥಿರವಾದ ಸ್ಥಾನ ದೊರೆತಿದೆ. ಆದರೆ ಯೆರವಡಾಕ್ಕೆ ಇನ್ನೊಂದು ಇತಿಹಾಸವೂ ಉಂಟು. ಅದು ರೋಗ, ಚಿಕಿತ್ಸೆ ಮತ್ತು ಚಿಕಿತ್ಸೆಯ ವೆಚ್ಚಕ್ಕೆ ಸಂಬಂಧಿಸಿದುದು. ಈ ಎರಡನೆಯ ಇತಿಹಾಸವು ಕರ್ನಾಟಕದ ಹಳ್ಳಿಗಳವರೆಗೆ ಹೇಗೆ ಚಾಚಿಕೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲನೆಯ ಘಟನೆ 1924ರದು. 1922ರ ಮಾರ್ಚಿಯಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಯೆರವಡಾ ಸೇರಿದ್ದ ಗಾಂಧೀಜಿಯವರಿಗೆ 1924ರ ಜನವರಿಯಲ್ಲಿ ಕರುಳುಬಾಲದ ಉರಿಯೂತ ಕಾಣಿಸಿಕೊಂಡಿತು. ಜನವರಿ 12ರಂದು ಅವರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಸಾಗಿಸಲಾಯಿತು. ಅದೇ ರಾತ್ರಿ ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ನಡೆಸಿದರು. ನಡುವೆ ವಿದ್ಯುದ್ದೀಪ ಆರಿಹೋಗಿ, ಕೊನೆಗೆ ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಫೆಬ್ರವರಿ 5ರಂದು ಸರಕಾರವು ಅವರನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆಸ್ಪತ್ರೆಯ ಸಾಮೀಪ್ಯ. ಸಸೂನ್ ಆಸ್ಪತ್ರೆಯು ಡೇವಿಡ್ ಸಸೂನ್ ಅವರ ದಾನದ ಬಲದಿಂದ 1867ರಲ್ಲಿ ಆರಂಭವಾದುದು. ನಗರವೊಂದರಲ್ಲಿ ಸಿರಿವಂತನ ಔದಾರ್ಯ, ಸರಕಾರದ ಆಡಳಿತ, ನುರಿತ ಶಸ್ತ್ರವೈದ್ಯ ಇವು ಒಂದೆಡೆ ಕೂಡಿದ್ದವು. ಆದ್ದರಿಂದಲೇ ಆ ರಾತ್ರಿ ಜೀವವೊಂದು ಉಳಿಯಿತು. ಅದೇ ಕಾಯಿಲೆ ಅದೇ ರಾತ್ರಿ ನವಲಗುಂದದ ಅಥವಾ ಮುದ್ದೇಬಿಹಾಳದ ರೈತನೊಬ್ಬನಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಮುಂಬಯಿ ಕರ್ನಾಟಕದ ಜನರು ದೊಡ್ಡ ಕಾಯಿಲೆಗಳಿಗೆ ಆಶ್ರಯಿಸುತ್ತಿದ್ದುದು ಮಿರಜವನ್ನು. ಪಟವರ್ಧನರ ಆ ಚಿಕ್ಕ ಸಂಸ್ಥಾನದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆ, ಪುಣೆ-ಬೆಳಗಾವಿ ರೈಲುಮಾರ್ಗದ ಮೇಲಿದ್ದುದರಿಂದ, ಕನ್ನಡ ಜಿಲ್ಲೆಗಳಿಗೂ ಆಸ್ಪತ್ರೆಯಾಯಿತು. ರೈಲು ನಿಲ್ದಾಣಕ್ಕೆ ಸಮೀಪದಲ್ಲಿದ್ದವರಿಗೆ ಮಿರಜ ಹತ್ತಿರ. ಚಕ್ಕಡಿಯಲ್ಲಿ ದಿನವಿಡೀ ಪಯಣಿಸಿ ನಿಲ್ದಾಣ ಸೇರಬೇಕಾದವರಿಗೆ ಅದು ಬಹುದೂರ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದುದು ಏಕೀಕರಣದ ನಂತರ, 1957ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

3

ಎರಡನೆಯ ಘಟನೆ ಯೆರವಡಾದ ಆಗಾಖಾನ್ ಅರಮನೆಗೆ ಸೇರಿದುದು. 1892ರಲ್ಲಿ ಕಟ್ಟಲ್ಪಟ್ಟ ಈ ಸೌಧ, ಬರಗಾಲಪೀಡಿತ ಜನರಿಗೆ ಕೂಲಿ ಒದಗಿಸುವ ಸಲುವಾಗಿ ನಿರ್ಮಿತವಾಯಿತೆಂಬ ಹೇಳಿಕೆಯಿದೆ. 1942ರ ಆಗಸ್ಟಿನಿಂದ 1944ರ ಮೇ 6ರವರೆಗೆ ಗಾಂಧೀಜಿ ಇಲ್ಲಿ ಬಂಧನದಲ್ಲಿದ್ದರು. ಬಂಧನದ ಮೊದಲ ವಾರದಲ್ಲಿಯೇ, ಆಗಸ್ಟ್ 15ರಂದು, ಮಹಾದೇವ ದೇಸಾಯಿ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಅಸು ನೀಗಿದರು.

ಕಸ್ತೂರಬಾ ಅವರ ಕೊನೆಯ ದಿನಗಳ ಚಿಕಿತ್ಸೆಯ ವಿವರಗಳು ಚರಿತ್ರೆಯ ದೃಷ್ಟಿಯಿಂದ ಮಹತ್ವದವು. ಹೃದಯ ಹಾಗೂ ಶ್ವಾಸಕೋಶಗಳ ತೊಂದರೆಯಿಂದ ಬಳಲುತ್ತಿದ್ದ ಅವರ ಬಳಿ ಸಹಬಂದಿಗಳಾಗಿದ್ದ ಡಾ. ಸುಶೀಲಾ ನಯ್ಯರ್ ಮತ್ತು ಡಾ. ಗಿಲ್ಡರ್ ಇದ್ದರು. ಪ್ರಕೃತಿ ಚಿಕಿತ್ಸಕರಾದ ದಿನ್‌ಶಾ ಮೆಹತಾ ಅವರೂ ಆಯುರ್ವೇದ ಪಂಡಿತರಾದ ಶಿವಶರ್ಮ ಅವರೂ ಬಂದು ನೋಡಿದರು. ಈ ಅನುಮತಿಗಳು ತಡವಾಗಿ ದೊರೆತವೆಂದು ಗಾಂಧೀಜಿ ಸರಕಾರದೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಆಕ್ಷೇಪಿಸಿದ್ದಾರೆ. ಆಗತಾನೇ ಬಳಕೆಗೆ ಬರುತ್ತಿದ್ದ ಪೆನಿಸಿಲಿನ್ ಔಷಧವನ್ನು ವಿಮಾನದ ಮೂಲಕ ತರಿಸಲಾಗಿತ್ತಾದರೂ ಸಾವಿನ ಅಂಚಿನಲ್ಲಿರುವವರನ್ನು ಚುಚ್ಚುಮದ್ದಿನಿಂದ ನೋಯಿಸುವುದು ಬೇಡವೆಂದು ಗಾಂಧೀಜಿ ಮಗ ದೇವದಾಸರನ್ನು ತಡೆದರು.

ಹೀಗೆ ಸೆರೆಯಲ್ಲಿದ್ದ ಒಬ್ಬ ಮಹಿಳೆಯ ಹಾಸಿಗೆಯ ಸುತ್ತ ಮೂರು ವೈದ್ಯಪದ್ಧತಿಗಳು ನೆರೆದಿದ್ದವು. ಆಕೆಯ ಹೆಸರಿನಲ್ಲಿ ಕೂಡಿಸಿದ ಹಣ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಬಂದಾಗ ಗಾಂಧೀಜಿ ಹಾಕಿದ ನಿಬಂಧನೆಯನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು. ಹಳ್ಳಿಯ ಹೆಂಗಸರಿಗೆ ಹಾಗೂ ಮಕ್ಕಳಿಗೆ ಮಾತ್ರವೇ ಈ ನಿಧಿ ವಿನಿಯೋಗವಾಗತಕ್ಕದ್ದು ಎಂಬುದೇ ಆ ನಿಬಂಧನೆ. ಗಾಂಧೀಜಿಯವರ 75ನೆಯ ಹುಟ್ಟುಹಬ್ಬದ ನಿಮಿತ್ತ 75 ಲಕ್ಷ ರೂಪಾಯಿಗಳನ್ನು ಸಂಗ್ರಹಿಸುವ ಗುರಿಯಿತ್ತು. ನಾಡಿನ ಮುಖಂಡರಲ್ಲಿ ಬಹುಪಾಲು ಮಂದಿ ಸೆರೆಯಲ್ಲಿದ್ದರೂ ಜನರ ಕಾಣಿಕೆ ಗುರಿಯನ್ನು ದಾಟಿ ಒಂದು ಕೋಟಿಯನ್ನೂ ಮೀರಿತು. ಗಾಂಧೀಜಿ ಅಧ್ಯಕ್ಷರಾಗಿ, ಠಕ್ಕರ್ ಬಾಪಾ ಕಾರ್ಯದರ್ಶಿಯಾಗಿ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ರೂಪುಗೊಂಡಿತು.

4

ಆ ಹಣ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂಬುದನ್ನು ತಿಳಿಯಲು ಅಂದಿನ ದೇಶದ ಸ್ಥಿತಿಯನ್ನು ನೋಡಬೇಕು. 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಸಲ್ಲಿಸಿದ ಸರ್ ಜೋಸೆಫ್ ಭೋರ್ ಸಮಿತಿಯ ಲೆಕ್ಕದಂತೆ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6 ಸಾವಿರ ಜನರಿಗೆ ಒಬ್ಬ ವೈದ್ಯ, 43 ಸಾವಿರ ಜನರಿಗೆ ಒಬ್ಬ ದಾದಿ, 60 ಸಾವಿರ ಜನರಿಗೆ ಒಬ್ಬ ತರಬೇತಿ ಪಡೆದ ಸೂಲಗಿತ್ತಿ ಇದ್ದರು. ವರ್ಷಕ್ಕೆ ಸುಮಾರು ಎರಡು ಲಕ್ಷ ಹೆಂಗಸರು ಹೆರಿಗೆ ಮತ್ತು ಬಾಣಂತಿತನದ ಕಾರಣದಿಂದ ಸಾಯುತ್ತಿದ್ದರು. ಇದ್ದ ವೈದ್ಯರಲ್ಲಿಯೂ ಹೆಚ್ಚಿನವರು ಪಟ್ಟಣವಾಸಿಗಳು. ಆದ್ದರಿಂದ ಸರಾಸರಿಯ ಲೆಕ್ಕವು ಹಳ್ಳಿಯ ಕೊರತೆಯನ್ನು ಮರೆಮಾಡುತ್ತದೆ.

ಹಣ ತೆರಲು ಆಗದು ಎಂಬ ಕಾರಣದಿಂದ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬ ತತ್ತ್ವವನ್ನು ಭೋರ್ ಸಮಿತಿ ಮುಂದಿಟ್ಟಿತು. ತಾತ್ಕಾಲಿಕ ಯೋಜನೆಯಲ್ಲಿ 40 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು ಇರಬೇಕೆಂದಿತು. ಇದು ತೆರಿಗೆಯ ಹಣದಿಂದ ನಡೆಯತಕ್ಕ ವ್ಯವಸ್ಥೆ. ಕಸ್ತೂರಬಾ ನಿಧಿಯಾದರೋ ಜನರ ಕಾಣಿಕೆಯಿಂದ ನಡೆಯತಕ್ಕದ್ದು. ಎರಡೂ ಒಂದೇ ಕಾಲದಲ್ಲಿ ಹುಟ್ಟಿದವು. ಎರಡರ ಗುರಿಯೂ ಹಳ್ಳಿ.

ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಹಿಂದೆಯೇ ಮೂರನೆಯ ಬಗೆಯ ಪ್ರಯೋಗವೊಂದು ನಡೆದಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ 1929ರಲ್ಲಿ ಮಂಡ್ಯದಲ್ಲಿ ಗ್ರಾಮಾರೋಗ್ಯ ಘಟಕವು ಆರಂಭವಾಯಿತು. ಚಿಕ್ಕ ರಾಜ್ಯವಾದರೂ ತನ್ನದೇ ಆಡಳಿತವುಳ್ಳ ಮೈಸೂರು ಇಂತಹ ಪ್ರಯೋಗಕ್ಕೆ ಕೈಹಾಕಬಹುದಾಗಿತ್ತು. ದೊಡ್ಡ ಪ್ರಾಂತವೊಂದರ ತುದಿಯಲ್ಲಿದ್ದ ಮುಂಬಯಿ ಕರ್ನಾಟಕಕ್ಕೆ ಆ ಅವಕಾಶವಿರಲಿಲ್ಲ. ಏಕೀಕರಣ ಚಳವಳಿಯ ಹಿಂದೆ ಭಾಷಾಭಿಮಾನದ ಜೊತೆಗೆ ಇಂತಹ ದೈನಂದಿನ ಅಭಾವಗಳೂ ಇದ್ದವೆಂದು ಭಾವಿಸಲು ಆಧಾರವಿದೆ.

5

ಈ ಅಭಾವದ ಪ್ರದೇಶದಲ್ಲಿ ಕಸ್ತೂರಬಾ ಟ್ರಸ್ಟಿನ ಕೆಲಸವನ್ನು ಹೊತ್ತವರು ಉಮಾಬಾಯಿ ಕುಂದಾಪುರ (1892-1992). ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿಯೇ ವೈಧವ್ಯಕ್ಕೀಡಾದ ಅವರು, ಸುಧಾರಣಾವಾದಿಯಾಗಿದ್ದ ಮಾವ ಆನಂದರಾಯರ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ಸ್ತ್ರೀಶಿಕ್ಷಣದ ಕಾರ್ಯ ಕೈಗೊಂಡರು. ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ನಡೆಸಿ, ಬೆಳಗಾವಿ ಅಧಿವೇಶನಕ್ಕೆ ನೂರಕ್ಕೂ ಮಿಕ್ಕಿ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. 1932ರಲ್ಲಿ ಬಂಧಿತರಾಗಿ ನಾಲ್ಕು ತಿಂಗಳು ಯೆರವಡಾದಲ್ಲಿದ್ದರು. ಅಲ್ಲಿರುವಾಗಲೇ ಮಾವನವರ ಮರಣವಾರ್ತೆ ಅವರನ್ನು ತಲುಪಿತು. ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದಾಗ ಮುದ್ರಣಾಲಯ ಜಪ್ತಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನಿ ಮಂಡಲ ನಿಷೇಧಕ್ಕೊಳಗಾಗಿತ್ತು.

1946ರಲ್ಲಿ ಗಾಂಧೀಜಿ ಉಮಾಬಾಯಿಯವರನ್ನು ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯನ್ನಾಗಿ ನೇಮಿಸಿದರು. ಗ್ರಾಮಸೇವಿಕೆಯರಿಗೆ ಆರೋಗ್ಯಪಾಲನೆ, ಶಿಶುಪೋಷಣೆ, ಕೈಕಸುಬುಗಳಲ್ಲಿ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳಿಸುವುದು ಅವರ ಹೊಣೆ. ಅವರಲ್ಲಿ ಅನೇಕರು ಆಸರೆಯಿಲ್ಲದ ಹೆಣ್ಣುಮಕ್ಕಳು. ಹೀಗಾಗಿ ಒಂದೇ ವ್ಯವಸ್ಥೆ ಹಳ್ಳಿಗೆ ಆರೈಕೆಯನ್ನೂ ಸೇವಿಕೆಗೆ ಬದುಕಿನ ದಾರಿಯನ್ನೂ ಒದಗಿಸಿತು.

ಆದರೆ ಈ ಕಾರ್ಯಕ್ಕೆ ಸಾಕಷ್ಟು ಹಣ ಕೈಯಲ್ಲಿರಲಿಲ್ಲ. ಉಮಾಬಾಯಿ ಮನೆಮನೆಗೆ ಹೋಗಿ ಭಿಕ್ಷೆ ಬೇಡಿ ಅದನ್ನು ನಡೆಸಿದರು. ಕೋಟಿ ರೂಪಾಯಿಯ ಸ್ಮಾರಕನಿಧಿಯ ಪ್ರತಿನಿಧಿ ಬೀದಿಬೀದಿ ತಿರುಗಬೇಕಾದುದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಇಡೀ ದೇಶಕ್ಕೆ ಹಂಚಿದಾಗ ಒಂದು ಕೋಟಿ ಎಂಬುದು ಬಹಳ ತೆಳುವಾದ ಮೊತ್ತ. ಅದಲ್ಲದೆ ಮಹಾಮರಣವೊಂದರ ಸಂದರ್ಭದಲ್ಲಿ ಜನ ಒಮ್ಮೆಗೆ ಕೈಬಿಚ್ಚಿ ಕೊಡುತ್ತಾರೆ; ಸೇವಿಕೆಯ ತಿಂಗಳ ಸಂಬಳ, ಔಷಧದ ಪೆಟ್ಟಿಗೆ, ದೀಪದ ಎಣ್ಣೆ ಇವುಗಳಿಗೆ ತಿಂಗಳು ತಿಂಗಳು ಕೊಡುವವರು ವಿರಳ. ಗ್ರಾಮಾರೋಗ್ಯದ ವೆಚ್ಚವೆಲ್ಲ ಈ ಎರಡನೆಯ ಬಗೆಯದು. ದಾನದಿಂದ ಆಸ್ಪತ್ರೆಯ ಕಟ್ಟಡ ಏಳಬಹುದು. ಅದರ ಬಾಗಿಲು ದಿನವೂ ತೆರೆದಿರಬೇಕಾದರೆ ತಪ್ಪದೆ ಬರುವ ಆದಾಯ ಬೇಕು.

ಮೈಸೂರು ಭಾಗದಲ್ಲಿ ಇದೇ ಟ್ರಸ್ಟಿನ ಕಾರ್ಯವು ಯಶೋಧರಾ ದಾಸಪ್ಪನವರ ಮುಂದಾಳುತನದಲ್ಲಿ ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ ನೆಲೆಗೊಂಡಿತು. ಉಮಾಬಾಯಿಯವರು ಸ್ವಾತಂತ್ರ್ಯಾನಂತರ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಒಲ್ಲದೆ ಹುಬ್ಬಳ್ಳಿಯ 'ಆನಂದ ಸ್ಮೃತಿ' ಎಂಬ ಚಿಕ್ಕ ಮನೆಯಲ್ಲಿ ಬಾಳಿದರು.

6

1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸರಕಾರದ ಹೊಣೆಯಾಗಿ ಬರತೊಡಗಿದವು. ಈಗ ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೊಂದು ಕೇಂದ್ರ, 5 ಸಾವಿರ ಜನರಿಗೊಂದು ಉಪಕೇಂದ್ರ ಎಂಬ ಮಾನದಂಡವಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಆಕೆ ಹಳ್ಳಿಯವಳೇ ಆದ ಹೆಂಗಸು. ಬಸುರಿ-ಬಾಣಂತಿಯರ ಮನೆಬಾಗಿಲಿಗೆ ಹೋಗುವವಳು. ಗ್ರಾಮಸೇವಿಕೆಯ ಪ್ರತಿರೂಪವನ್ನು ಆಕೆಯಲ್ಲಿ ಕಾಣುವುದು ತಪ್ಪಾಗಲಾರದು. ಸಾಮ್ಯ ಇನ್ನೊಂದು ದಿಕ್ಕಿನಲ್ಲಿಯೂ ಇದೆ: ಆಕೆಗೆ ಸಲ್ಲುವುದು ಗೌರವಧನ, ಪ್ರೋತ್ಸಾಹಧನಗಳೇ ಹೊರತು ಸಂಬಳವಲ್ಲ. ಸೇವೆಯ ಹೆಸರಿನಲ್ಲಿ ಹೆಂಗಸರ ದುಡಿಮೆಯನ್ನು ಅಗ್ಗವಾಗಿ ಪಡೆಯುವ ರೂಢಿ ದಾನದ ಕಾಲದಿಂದ ತೆರಿಗೆಯ ಕಾಲಕ್ಕೂ ಮುಂದುವರಿದಿದೆ.

ಆಗಾಖಾನ್ ಅರಮನೆಯನ್ನು 1969ರಲ್ಲಿ ದೇಶಕ್ಕೆ ದಾನವಾಗಿ ಕೊಡಲಾಯಿತು. ಕಸ್ತೂರಬಾ ಹಾಗೂ ಮಹಾದೇವ ದೇಸಾಯಿಯವರ ಸಮಾಧಿಗಳು ಅಲ್ಲಿವೆ. ಅಲ್ಲಿಗೆ ಭೇಟಿ ಕೊಡುವ ಕನ್ನಡಿಗರು ಅದನ್ನು ಸೆರೆಮನೆಯೆಂದು ಮಾತ್ರ ನೋಡದೆ ಗ್ರಾಮಾರೋಗ್ಯದ ಒಂದು ಮೂಲಸ್ಥಾನವೆಂದೂ ನೋಡಬೇಕಾಗಿದೆ. ಹಾಗೆಯೇ ಹುಬ್ಬಳ್ಳಿಯ ಬೀದಿಗಳಲ್ಲಿ ಸೆರಗೊಡ್ಡಿ ಬೇಡಿದ ಉಮಾಬಾಯಿಯವರ ಕಾರ್ಯವನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಷ್ಟೇ ಅಲ್ಲದೆ ಕರ್ನಾಟಕದ ವೈದ್ಯಕೀಯ ಇತಿಹಾಸದಲ್ಲಿಯೂ ಬರೆಯಬೇಕಾಗಿದೆ. ಅವರು ಬೇಡಿದ್ದು ಭಿಕ್ಷೆಯೆಂದು ಆಗ ತೋರಿತು. ಅದು ಹಳ್ಳಿಯ ಹೆಂಗಸಿಗೆ ಸಲ್ಲಬೇಕಾದ ಬಾಕಿ ಎಂದು ಈಗಲಾದರೂ ತಿಳಿಯುವುದು ಉಚಿತ.